ಮುದ್ದೆ ಮಧ್ಯೆ ಮಾತ್ರೆ

ಹೋದ ತಿಂಗಳು ನನ್ನ ಬಿಸಿಆರ್-ಎಬಿಎಲ್ ರಿಪೋರ್ಟ್ ಬಂತು, ರಕ್ತದಲ್ಲಿ ಕ್ಯಾನ್ಸರ್ ಎಷ್ಟು ಉಳಿದಿದೆ ಅಂತ ಹೇಳೋ ಟೆಸ್ಟು. 0.01 ಪರ್ಸೆಂಟ್‌ಗಿಂತ ಕೆಳಗೆ. ಸತತ ನಾಲ್ಕನೇ ಸಲ. ನಾನು ಅದನ್ನ ಮೊದಲು ತೋರಿಸಿದ್ದು ಡಾಕ್ಟರಿಗಲ್ಲ, ಓಪಿಡಿ ಸಾಲಲ್ಲಿ ಪಕ್ಕ ಕೂತಿದ್ದ ಹಳೇ ಗೆಳೆಯರಿಗೆ. ಎಂಟೊಂಬತ್ತು ವರ್ಷದ ಹಿಂದೆ ಇದೇ ಸಾಲಲ್ಲಿ ಕೂತು "ಮುದ್ದೆ ಜೊತೆ ಮಾತ್ರೆನಾ? ನಿಮಗೇನು ತಲೆ ಕೆಟ್ಟಿದೆಯಾ?" ಅಂದಿದ್ದವರು ಅವರೇ. ಈಗ ಅವರೂ ಮಾತ್ರೆಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿದ್ದಾರೆ. ಆದ್ರೆ ಅನ್ನದ ಜೊತೆ. ಮುದ್ದೆ ಅವರಿಗೆ ಸೇರಲ್ಲವಂತೆ.

ನಾನು ತಿಪಟೂರಿನಲ್ಲಿ ಟೈಲರ್. 2015ರಲ್ಲಿ ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯ್ತು. ಸೊಂಟದ ಅಳತೆ ಎರಡಿಂಚು ಜಾಸ್ತಿ ಆಗಿದ್ದನ್ನ ನನ್ನ ಟೇಪೇ ಮೊದಲು ಹೇಳಿತ್ತು. ಬೊಜ್ಜು ಅಂದ್ಕೊಂಡು ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಂಡೆ. ಅದು ಊದಿಕೊಂಡಿದ್ದ ಗುಲ್ಮ, ಅಂದ್ರೆ ಸ್ಪ್ಲೀನ್. ಬಿಳಿ ರಕ್ತಕಣದ ಕೌಂಟ್ ಲಕ್ಷದ ಎಂಬತ್ತು ಸಾವಿರದ ಹತ್ತಿರ ಇತ್ತು. ಮುಂದಿನದು ಈ ಕಾಯಿಲೆಯವರಿಗೆಲ್ಲ ಗೊತ್ತಿರೋದೇ. ಇಮ್ಯಾಟಿನಿಬ್ ಅನ್ನೋ ಮಾತ್ರೆ, 400 ಎಂಜಿ, ದಿನಕ್ಕೊಂದು, ಊಟದ ಜೊತೆ, ಒಂದು ದೊಡ್ಡ ಲೋಟ ನೀರು.

"ಊಟದ ಜೊತೆ" ಅನ್ನೋ ಈ ಎರಡು ಪದಕ್ಕೆ ನಾನು ತೆತ್ತ ದುಡ್ಡು, ಪಟ್ಟ ಪಾಡು ಇಷ್ಟಲ್ಲ.

ಮೊದಮೊದಲು ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗುತ್ತಿದ್ದೆ. ಎರಡು ಇಡ್ಲಿ, ಮಾತ್ರೆ, ಅಂಗಡಿ. ಸರಿಯಾಗಿ ನಲವತ್ತೈದು ನಿಮಿಷಕ್ಕೆ ಬಾಯಲ್ಲಿ ನೀರೂರೋಕೆ ಶುರು. ಎದುರಿಗೆ ಗಿರಾಕಿ ನಿಂತು ಬ್ಲೌಸಿನ ಕುತ್ತಿಗೆ ಎಷ್ಟು ಡೀಪ್ ಇರಬೇಕು ಅಂತ ವಿವರಿಸುತ್ತಿರುತ್ತಾರೆ, ನಾನು ಅಂಗಡಿ ಹಿಂದಿನ ಚರಂಡಿ ಕಡೆ ಓಡುತ್ತೇನೆ. ವಾಂತಿಯಾದರೆ ಇನ್ನೊಂದು ಮಾತ್ರೆ ನುಂಗಬೇಡಿ, ಮಾರನೇ ದಿನದ್ದು ಮಾರನೇ ದಿನ ಅಂತ ಡಾಕ್ಟರು ಹೇಳಿದ್ದರು. ಅದನ್ನ ಪಾಲಿಸಿದೆ. ಆದ್ರೆ ನಾನು ಮಾಡಿದ ತಪ್ಪು ಬೇರೆ. ಮದುವೆ ಸೀಸನ್‌ನಲ್ಲಿ, ಕೈತುಂಬ ಆರ್ಡರ್ ಇದ್ದ ದಿನ, ಮಾತ್ರೆಯನ್ನೇ ಬಿಟ್ಟುಬಿಡುತ್ತಿದ್ದೆ. ವಾರಕ್ಕೆ ಒಂದು, ಕೆಲವು ವಾರ ಎರಡು. ಮನೆಯಲ್ಲಿ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ಮೂರು ತಿಂಗಳ ಬಿಸಿಆರ್-ಎಬಿಎಲ್ ಟೆಸ್ಟಿನಲ್ಲಿ 10 ಪರ್ಸೆಂಟ್ ಒಳಗೆ ಇರಬೇಕಾದದ್ದು 14 ಬಂತು. ಡಾಕ್ಟರು ರಿಪೋರ್ಟ್ ನೋಡಿದರು, ನನ್ನ ಮುಖ ನೋಡಿದರು. "ಮಾತ್ರೆ ಎಷ್ಟು ಉಳಿದಿದೆ?" ಅಂತ ಕೇಳಿದರು, ಅಷ್ಟೇ. ಚೀಲದಲ್ಲಿ ಹದಿನೇಳೋ ಹದಿನೆಂಟೋ ಇದ್ದವು. ಸಿಕ್ಕಿಬಿದ್ದೆ. ಇದೇ ಥರ ಆದ್ರೆ ಮುಂದೆ ಬೇರೆ ಔಷಧಿಗೆ ಹೋಗಬೇಕಾಗುತ್ತೆ, ಅದರ ಬೆಲೆ ನಿಮಗೆ ಗೊತ್ತಲ್ವಾ ಅಂದರು. ಬೆಲೆ ಮಾತು ನನಗೆ ತಟ್ಟನೆ ಅರ್ಥವಾಯ್ತು.

ಆ ಲೆಕ್ಕವನ್ನೂ ಹೇಳಿಬಿಡ್ತೀನಿ. ಇದೇ ಇಮ್ಯಾಟಿನಿಬ್‌ನ ಕಂಪನಿ ಬ್ರ್ಯಾಂಡ್, ನೊವಾರ್ಟಿಸ್‌ನವರ ಗ್ಲಿವೆಕ್ ಆಗಿದ್ದರೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಕೇಸನ್ನು ವಜಾ ಮಾಡದೇ ಇದ್ದಿದ್ದರೆ ನಮ್ಮಂಥವರ ಕತೆ ಏನಾಗುತ್ತಿತ್ತೋ. ನಾನು ಶುರು ಮಾಡಿದಾಗ ಬೇರೆ ಕಂಪನಿಗಳು ಮಾಡೋ ಅಗ್ಗದ ಜನೆರಿಕ್‌ಗೆ ತಿಂಗಳಿಗೆ ಏಳೆಂಟು ಸಾವಿರ ಕೊಟ್ಟ ನೆನಪು. ಒಂದು ಬ್ಲೌಸಿಗೆ ಆಗ ನೂರೈವತ್ತು ತಗೊಳ್ತಿದ್ದೆ. ಅಂದ್ರೆ ತಿಂಗಳ ಮೊದಲ ಐವತ್ತು ಬ್ಲೌಸು ಮಾತ್ರೆಗೇ. ಈಗ ಪರವಾಗಿಲ್ಲ, ತುಂಬಾ ಇಳಿದಿದೆ.

ಬೆಳಿಗ್ಗೆ ಆಗಲ್ಲ ಅಂತ ರಾತ್ರಿಗೆ ಹಾಕಿದೆ. ಮಲಗಿದರೆ ವಾಕರಿಕೆ ಗೊತ್ತಾಗಲ್ಲ ಅನ್ನೋ ಲೆಕ್ಕಾಚಾರ. ಹತ್ತು ಗಂಟೆಗೆ ನುಂಗಿ ಹತ್ತೂಕಾಲಿಗೆ ಹಾಸಿಗೆ. ಮೂರನೇ ರಾತ್ರಿ ಎದೆ ನಡುವೆ ಕೆಂಡ ಇಟ್ಟಂಗೆ ಉರಿ. ಹಾರ್ಟೇ ಇರಬೇಕು ಅಂತ ಆಟೋ ಮಾಡ್ಕೊಂಡು ಹೋಗಿ ಇಸಿಜಿ ತೆಗೆಸಿದ್ದಾಯ್ತು. ಮಾತ್ರೆ ಅನ್ನನಾಳದಲ್ಲೇ ಕೂತು ಸುಟ್ಟಿತ್ತು. ನುಂಗಿದ ಮೇಲೆ ಎರಡು ಗಂಟೆಯಾದರೂ ಮಲಗಬಾರದು. ಇದನ್ನ ಮೊದಲೇ ಹೇಳಿದ್ದರಂತೆ, ನಾನು ಕೇಳಿಸಿಕೊಂಡಿರಲಿಲ್ಲ. ವಾಂತಿ ತಡೆಯೋ ಒಂಡಾನ್ಸೆಟ್ರಾನ್ ತಗೊಂಡೆ, ವಾಕರಿಕೆ ನಿಂತಿತು, ಜೊತೆಗೆ ನಾಲ್ಕು ದಿನ ಮಲವೂ ನಿಂತಿತು.

ಮುದ್ದೆಯ ಯೋಚನೆ ಬಂದಿದ್ದು ಸುಮ್ನೆ ಒಂದು ಅಮಾವಾಸ್ಯೆ ದಿನ. ಮಾತ್ರೆಯನ್ನ ಮತ್ತೆ ಬೆಳಿಗ್ಗೆಗೇ ತಂದಿದ್ದೆ. ಅವತ್ತು ಅಂಗಡಿ ರಜೆ, ಬೆಳಿಗ್ಗೆ ಮರೆತಿದ್ದೆ. ಮಧ್ಯಾಹ್ನ ಊಟದ ನಡುವೆ ನೆನಪಾಯ್ತು. ಅರ್ಧ ಮುದ್ದೆ ಹೊಟ್ಟೆಗೆ ಹೋಗಿತ್ತು. ಅಲ್ಲೇ ಮಾತ್ರೆ ನುಂಗಿ, ಒಂದು ಚೊಂಬು ನೀರು ಕುಡಿದು, ಉಳಿದರ್ಧ ಮುಗಿಸಿದೆ. ಮೂರು ಗಂಟೆ ಆಯ್ತು, ನಾಲ್ಕಾಯ್ತು. ಹೊಟ್ಟೆ ತೊಳಸಲೇ ಇಲ್ಲ.

ಅಲ್ಲಿಂದ ಅದೇ ನನ್ನ ಪದ್ಧತಿ. ಒಂದೂಕಾಲು ಗಂಟೆಗೆ ಊಟ. ಅರ್ಧ ಮುದ್ದೆ, ಮಾತ್ರೆ, ನೀರು, ಅರ್ಧ ಮುದ್ದೆ, ಆಮೇಲೆ ಒಂದು ಹಿಡಿ ಮಜ್ಜಿಗೆ ಅನ್ನ. ಮುದ್ದೆ ಗಟ್ಟಿಯಾಗಿರಬಾರದು, ಬೆರಳು ಒತ್ತಿದರೆ ಗುರುತು ಉಳಿಯಬೇಕು, ಬಿರುಕು ಬಿಡಬಾರದು. ಸಾರಿಗೆ ಎಣ್ಣೆ ಒಗ್ಗರಣೆ ಇಲ್ಲ. ಎಣ್ಣೆ ಜಾಸ್ತಿ ಇದ್ದ ದಿನ ವಾಕರಿಕೆ ಮತ್ತೆ ತಲೆ ಹಾಕುತ್ತಿತ್ತು, ಇದನ್ನ ನಾನು ಮೂರು ನಾಲ್ಕು ಸಲ ಬೇಕಂತಲೇ ಪರೀಕ್ಷೆ ಮಾಡಿದ್ದೀನಿ. ಸಾರಿನ ಪುಡಿ ನಮ್ಮನೆಯವಳದ್ದು. ಅದರಲ್ಲಿ ಏನೇನು ಬೀಳುತ್ತೆ ಅಂತ ನನಗೂ ಹೇಳಿಲ್ಲ, ನಾನೂ ಇಲ್ಲಿ ಹೇಳಲ್ಲ.

ಎಲ್ಲರೂ ನಕ್ಕರು. ಅಕ್ಕ ಅಂದಳು, "ಕ್ಯಾನ್ಸರ್ ಮಾತ್ರೆಯನ್ನ ಮುದ್ದೆಗೆ ಸೇರಿಸಿದರೆ ಶಕ್ತಿಯೆಲ್ಲ ಮುದ್ದೆಯೇ ಕುಡಿಯುತ್ತೆ ಕಣೋ." ಮೆಡಿಕಲ್ ಶಾಪಿನವರು ತಿಂಡಿ ಆದ ಮೇಲೆ ಅಂತಲೇ ಸಾಧಿಸಿದರು. ಡಾಕ್ಟರು ಮಾತ್ರ, ದಿನಾ ಅದೇ ಹೊತ್ತಿಗೆ ಆಗಬೇಕು, ಒಂದೂ ತಪ್ಪಬಾರದು, ಇಷ್ಟಾದ್ರೆ ಮುದ್ದೆಯಾದರೂ ಸರಿ ಅಂದರು. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಟೈಲರ್ ಚಾಕ್‌ನಿಂದ ಗೆರೆ ಎಳೆಯೋಕೆ ಶುರು ಮಾಡಿದೆ. ಆರನೇ ತಿಂಗಳ ಟೆಸ್ಟಿಗೆ 3 ಚಿಲ್ಲರೆ. ಒಂದರೊಳಗೆ ಇರಬೇಕಿತ್ತು, ಬೈಸಿಕೊಂಡೆ. ಹನ್ನೆರಡಕ್ಕೆ 0.4 ಬಂದ ನೆನಪು. ಹದಿನೆಂಟಕ್ಕೆ 0.1ರ ಕೆಳಗೆ ಬಂತು. ತಡವಾಗಿ ಬಂದೆ, ಆದ್ರೆ ಬಂದೆ.

ಇನ್ನು ಮಾತ್ರೆಯ ಬೇರೆ ಕಾಟಗಳು. ಮೊದಲು ಕಣ್ಣು. ಬೆಳಿಗ್ಗೆ ಎದ್ದರೆ ರೆಪ್ಪೆ ಕೆಳಗೆ ಎರಡು ನೀರಿನ ಚೀಲ. ಅದಕ್ಕಿಂತ ಕಷ್ಟ ಕಣ್ಣೀರು. ಅಳು ಅಲ್ಲ, ಸುಮ್ನೆ ಸುರಿಯುತ್ತಿತ್ತು. ಸೂಜಿಗೆ ದಾರ ಪೋಣಿಸೋಕೆ ಕೂತರೆ ಸೂಜಿಯ ಕಣ್ಣು ಎರಡಾಗಿ ಕಾಣುತ್ತಿತ್ತು. ದಾರದ ತುದಿ ನಾಲಿಗೆಗೆ ತಾಗಿಸಿ, ಚೂಪು ಮಾಡಿ, ತೂರಿಸಲು ಹೋದರೆ ಪಕ್ಕಕ್ಕೆ ಜಾರುತ್ತಿತ್ತು. ಇಪ್ಪತ್ತೈದು ವರ್ಷ ಕತ್ತಲಲ್ಲೂ ಪೋಣಿಸಿದ ಕೈ ಇದು. ಕೊನೆಗೆ ದಾರ ಪೋಣಿಸೋ ಐದು ರೂಪಾಯಿಯ ತಂತಿ ತಂದೆ, ನಾಚಿಕೆ ಬಿಟ್ಟು. ಊತಕ್ಕೆ ಕೆಲಸ ಮಾಡಿದ್ದು ಎರಡೇ. ಒಂದು, ತಲೆ ಕಡೆ ಮಂಚದ ಕಾಲಿಗೆ ಇಟ್ಟಿಗೆ. ದಿಂಬು ಜಾಸ್ತಿ ಮಾಡಿದರೆ ಬರೀ ಕತ್ತು ನೋಯುತ್ತೆ. ಇನ್ನೊಂದು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ಉಪ್ಪಿನಕಾಯಿ ತಿಂದ ಮಾರನೇ ದಿನ ಎಷ್ಟು ಊದುತ್ತೆ ಅಂತ ಫೋಟೋ ತೆಗೆದು ಇಟ್ಟಿದ್ದೆ, ಅಕ್ಕನನ್ನು ನಂಬಿಸಲು. ವಾರಕ್ಕೊಂದು ಸಲ ತೂಕ ನೋಡ್ಕೊಳ್ಳಿ. ಒಂದು ಸಲ ನಾಲ್ಕೈದು ದಿನದಲ್ಲೇ ಎರಡೂವರೆ ಕೇಜಿ ಏರಿತ್ತು, ಆಗ ಇಟ್ಟಿಗೆ ನಂಬಿ ಕೂರಲಿಲ್ಲ, ಆಸ್ಪತ್ರೆಗೆ ರೈಲು ಹತ್ತಿದೆ. ನೀರು ಇಳಿಸೋ ಮಾತ್ರೆ ಕೊಟ್ಟರು.

ಮೀನಖಂಡ ಹಿಡ್ಕೊಳ್ಳೋದು ನನ್ನ ಹೊಟ್ಟೆಪಾಡಿಗೇ ಬಂದ ಪೆಟ್ಟು. ರಾತ್ರಿ ಎರಡು ಗಂಟೆಗೆ ಕಾಲು ಮರದ ಕೊರಡಿನಂತೆ ಗಟ್ಟಿ. ಹಗಲು ಪೆಡಲ್ ತುಳಿಯುವಾಗ ಪಾದದ ಕೆಳಗೆ ಬೆರಳುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಒಂದು ಸಲ ರೇಷ್ಮೆ ಸೀರೆಯ ಬ್ಲೌಸ್ ಕತ್ತರಿಸುವಾಗ ಹೆಬ್ಬೆರಳು ಕತ್ತರಿಯ ಹಿಡಿಯಲ್ಲೇ ಸೆಟೆದು ನಿಂತಿತು. ಎಡಗೈಯಿಂದ ಬಿಡಿಸಬೇಕಾಯ್ತು. ಅಷ್ಟರಲ್ಲಿ ಆರ್ಮ್‌ಹೋಲ್ ಮುಕ್ಕಾಲು ಇಂಚು ಒಳಗೆ ಹೋಗಿತ್ತು. ಗಿರಾಕಿಗೆ ಬಟ್ಟೆ ದುಡ್ಡು ಕೊಟ್ಟೆ, ಸಾವಿರದ ಇನ್ನೂರು.

ತಿಪಟೂರಿನಲ್ಲಿ ಎಳನೀರಿಗೇನು ಬರ? ಎಲ್ಲರೂ ಅದನ್ನೇ ಹೇಳಿದರು. ದಿನಕ್ಕೆ ಎರಡರಂತೆ ಒಂದು ತಿಂಗಳು ಕುಡಿದೆ, ಹಿಡಿತ ಹಿಡಿದದ್ದು ಹಿಡಿದಂಗೇ ಇತ್ತು. ಕಿಡ್ನಿ ತೊಂದರೆ ಇರುವವರು ಈ ಪ್ರಯೋಗಕ್ಕೆ ಕೈ ಹಾಕಬೇಡಿ, ಪೊಟ್ಯಾಸಿಯಂ ಏರುತ್ತೆ. ಆಮೇಲೆ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ, ಮೆಗ್ನೀಸಿಯಂ ಎರಡೂ ಕಡಿಮೆ ಅಂತ ಗೊತ್ತಾಯ್ತು. ಬರೆದುಕೊಟ್ಟರು. ಎಷ್ಟು ಅಂತ ಹೇಳಲ್ಲ, ಯಾಕಂದ್ರೆ ನಿಮ್ಮ ರಕ್ತ ನನ್ನದಲ್ಲ. ಅದರ ಜೊತೆಗೆ ಮಲಗೋ ಮುಂಚೆ ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ನೆಲಕ್ಕೂರಿ, ಒಂದೊಂದು ಕಾಲಿಗೂ ಅರ್ಧ ನಿಮಿಷ ಎಳೆಯೋದು, ಐದು ಸಲ. ಮೆಷಿನ್ನಿಗೆ ಮೋಟಾರ್ ಹಾಕಿಸಿದೆ, ಎರಡು ಸಾವಿರ ಚಿಲ್ಲರೆ. ಐದು ವರ್ಷ ಮೊದಲೇ ಹಾಕಿಸಬೇಕಿತ್ತು, ಕಾಯಿಲೆ ಇಲ್ಲದಿದ್ದರೂ. ಕತ್ತರಿ ಹಿಡಿಯೋಕೆ ಒಂದು ಉಪಾಯ ಕಂಡುಹಿಡಿದಿದ್ದೀನಿ, ಅದನ್ನ ಬರೆಯಲ್ಲ. ನಮ್ಮ ಬೀದಿಯಲ್ಲೇ ಇನ್ನೂ ಮೂವರು ಟೈಲರ್‌ಗಳಿದ್ದಾರೆ.

ಬಣ್ಣದ ವಿಷಯ ನಗು ಬರಿಸುತ್ತೆ. ಆರು ತಿಂಗಳಿಗೆ ನಾನು ಬೆಳ್ಳಗಾದೆ. "ಏನ್ ಟೈಲರ್ರೇ, ಯಾವ ಕ್ರೀಮು?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ತಿಂಗಳಿಗೆ ಎಂಟು ಸಾವಿರದ ಕ್ರೀಮು ಅಂದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತೆ, ಟೋಪಿ ಇಲ್ಲದೆ ಹೊರಗೆ ಹೋಗಲ್ಲ.

ಒಂದು ದೊಡ್ಡ ಪೆಟ್ಟು ಹೇಳದಿದ್ದರೆ ಮೋಸವಾಗುತ್ತೆ. 2020, ಕೊರೊನಾ ಕಾಲ. ಪಕ್ಕದ ಮನೆಯವರು ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದರು. ಗಿಡದ್ದು ತಾನೇ ಅಂತ ನಾನೂ ಒಂದೂವರೆ ತಿಂಗಳು ಬೆಳಿಗ್ಗೆ ಬೆಳಿಗ್ಗೆ ಒಂದು ಲೋಟ ಕುಡಿದೆ. ಲಿವರ್ ಪೆಟ್ಟು ತೋರಿಸೋ ಎಸ್‌ಜಿಪಿಟಿ ಇನ್ನೂರೈವತ್ತರ ಆಸುಪಾಸು ಹೋಯ್ತು. ಕಷಾಯದ ಜೊತೆ ಇಮ್ಯಾಟಿನಿಬ್ ಕೂಡ ನಿಲ್ಲಿಸಿದರು. ಮೂರು ವಾರ ಮಾತ್ರೆ ಇಲ್ಲ, ವಾರ ವಾರ ರಕ್ತ ಪರೀಕ್ಷೆ. ಕಷಾಯದಿಂದಲೇ ಅಂತ ಡಾಕ್ಟರು ಪ್ರಮಾಣ ಮಾಡಿ ಹೇಳಲಿಲ್ಲ. ಬಿಟ್ಟ ಮೇಲೆ ಇಳಿಯಿತು, ಮಾತ್ರೆ ಮತ್ತೆ ಶುರು ಮಾಡಿದರೂ ಮತ್ತೆ ಏರಲಿಲ್ಲ. ನನಗೆ ಅಷ್ಟು ಸಾಕು. ಚಕ್ಕೋತವನ್ನೂ ಮನೆಗೆ ತರೋದಿಲ್ಲ. ದೇವನಹಳ್ಳಿ ಕಡೆಯ ನೆಂಟರು ಪ್ರತಿ ಸಲ ಎರಡು ಹಣ್ಣು ಕೊಟ್ಟು ಕಳಿಸ್ತಾರೆ, ಅರಸೀಕೆರೆ ಪ್ಯಾಸೆಂಜರಿನಲ್ಲಿ ಪಕ್ಕ ಕೂತವರಿಗೆ ಕೊಟ್ಟು ಬರ್ತೀನಿ. ಮಾತ್ರೆಯ ಮಟ್ಟ ರಕ್ತದಲ್ಲಿ ಏರಿಬಿಡುತ್ತೆ ಅಂತ ಭಯ.

ಈಗ ಡಾಕ್ಟರು ಹೊಸ ಮಾತು ಎತ್ತಿದ್ದಾರೆ. ಇಷ್ಟು ವರ್ಷ ಕೆಳಗೇ ಇದೆ, ಮಾತ್ರೆ ನಿಲ್ಲಿಸಿ ನೋಡೋಣವಾ ಅಂತ. ನಿಲ್ಲಿಸಿದರೆ ಮೊದಲ ಕೆಲವು ತಿಂಗಳು ತಿಂಗಳಿಗೊಂದು ಪಿಸಿಆರ್, ಅಂದ್ರೆ ಅದೇ ಬಿಸಿಆರ್-ಎಬಿಎಲ್ ಟೆಸ್ಟು, ನಾನು ಮಾಡಿಸೋ ಕಡೆ ಐದಾರು ಸಾವಿರ. ಮಾತ್ರೆ ಅದಕ್ಕಿಂತ ಅಗ್ಗ. ಕೆಲವರಿಗೆ ನಿಲ್ಲಿಸಿದ ಮೇಲೆ ಕೀಲು ಸ್ನಾಯುಗಳೆಲ್ಲ ನೋಯುತ್ತಂತೆ. ಮದುವೆ ಸೀಸನ್ ಮುಗೀಲಿ, ಆಮೇಲೆ ಹೇಳ್ತೀನಿ ಅಂತ ಬಂದಿದ್ದೀನಿ. ಮೇ ತಿಂಗಳಿಗೆ ನಲವತ್ತೆರಡು ಬ್ಲೌಸು ಒಪ್ಪಿಕೊಂಡಾಗಿದೆ.