ಮಿಟಿಗೇಟ್ ಅಂದರೆ ಇಲ್ಲವಾಗಿಸುವುದಲ್ಲ

ಸಾರಿಗೆ ಖಾರ ಜಾಸ್ತಿಯಾಯಿತು ಅಂತಿಟ್ಟುಕೊಳ್ಳಿ. ಒಂದಿಷ್ಟು ಕಾಯಿ ರುಬ್ಬಿ ಹಾಕುತ್ತೀರಿ. ಖಾರ ಹೋಗುವುದಿಲ್ಲ, ಆದರೆ ನಾಲಿಗೆ ಸುಡುವುದು ತಗ್ಗುತ್ತದೆ, ಅಲ್ವಾ? ಇಂಗ್ಲಿಷಿನ 'ಮಿಟಿಗೇಟ್' (mitigate) ಅಂದರೆ ಅದೇ, ತೀವ್ರತೆ ತಗ್ಗಿಸುವುದು.

ಈ ಪದದ ಮೂಲ ಲ್ಯಾಟಿನ್‌ನ 'ಮಿಟಿಸ್', ಅಂದರೆ ಮೃದು. ಹಾಗಾಗಿ ತೊಂದರೆ ಪೂರ್ತಿ ನಿಂತುಹೋದ ಕಡೆ ಈ ಪದ ಬಳಸಬೇಡಿ, ಅಲ್ಲಿಗೆ 'ಎಲಿಮಿನೇಟ್' ಇದೆ.

ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಪದದ ಮುಂದೆ ಬರುವುದು ಕೆಟ್ಟದ್ದೇ? ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್ ಸರಿ. 'ಮಿಟಿಗೇಟ್ ದ ಬೆನಿಫಿಟ್ಸ್' ಅಂದರೆ ಓದಿದವರು ತಲೆ ಕೆರೆದುಕೊಳ್ಳುತ್ತಾರೆ.

ಜಾಸ್ತಿ ಜನ ಎಡವುವುದು 'ಅಗೇನ್ಸ್ಟ್' ಹತ್ತಿರ. 'ಟ್ರೀಸ್ ಮಿಟಿಗೇಟ್ ಅಗೇನ್ಸ್ಟ್ ಹೀಟ್' ಅಂತ ಬರೆದುಬಿಡುತ್ತಾರೆ, ನಾನೂ ಬರೆದಿದ್ದೇನೆ, ಕೇಳಲು ಚೆನ್ನಾಗೇ ಇತ್ತು. ಆ 'ಅಗೇನ್ಸ್ಟ್' ಸೇರುವುದು 'ಮಿಲಿಟೇಟ್' ಎಂಬ ಬೇರೆ ಪದಕ್ಕೆ, ಅದರರ್ಥ ಅಡ್ಡಿಯಾಗಿ ನಿಲ್ಲುವುದು. 'ಟ್ರೀಸ್ ಮಿಟಿಗೇಟ್ ಹೀಟ್' ಅಂದರೆ ಸಾಕು.

ಕೆಲವು ಕ್ಷೇತ್ರಗಳಲ್ಲಿ ಅರ್ಥ ಇನ್ನೂ ಬಿಗಿ. ಹವಾಮಾನದ ಬರಹದಲ್ಲಿ 'ಮಿಟಿಗೇಶನ್' ಅಂದರೆ ಮುಖ್ಯವಾಗಿ ಹಸಿರುಮನೆ ಅನಿಲ ಕಡಿಮೆ ಮಾಡುವುದು. ಏರಿದ ಬಿಸಿಲಿಗೆ ನಾವು ಹೊಂದಿಕೊಂಡರೆ ಅದು 'ಅಡಾಪ್ಟೇಶನ್', ಎರಡನ್ನೂ ಸುಮ್ನೆ ಬೆರೆಸಬೇಡಿ. ಕಾನೂನಿನಲ್ಲಿ 'ಮಿಟಿಗೇಟಿಂಗ್' ಅಂದರೆ ಶಿಕ್ಷೆ ತಗ್ಗಿಸಲು ಕಾರಣವಾಗುವ ಸಂಗತಿ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಗೆ ಮುಂಚೆ ಇವನ್ನೂ ತೂಗಬೇಕು ಎಂದಿತು. ಅಪರಾಧಿಯ ವಯಸ್ಸು ಅಂಥ ಒಂದು ಸಂಗತಿ. ಅದರಿಂದ ತಪ್ಪು ಅಳಿಸುವುದಿಲ್ಲ, ಶಿಕ್ಷೆ ತಗ್ಗಬಹುದು ಅಷ್ಟೇ.