ಡಿಶ್‌ವಾಷರ್‌ನಲ್ಲಿ ಮುಸುರೆ ನೀರು ನಿಂತಾಗ ನಾನು ನೋಡಿದ್ದು ಏನೇನು

ತೊಳೆಯುವುದು ಮುಗಿಯುವ ಮೊದಲೇ ನಮ್ಮ ಡಿಶ್‌ವಾಷರ್ ನಿಂತುಬಿಟ್ಟಿತ್ತು. ಬಾಗಿಲು ತೆಗೆದರೆ ತಳದ ತುಂಬ ಅರಿಶಿನ ಬಣ್ಣದ ಮುಸುರೆ ನೀರು. ರಿಪೇರಿಯವರಿಗೆ ಫೋನ್ ಮಾಡಿದೆ. ಮಷಿನ್ ನೋಡುವ ಮೊದಲೇ, 'ಪಂಪ್ ಬದಲಾಯಿಸಬೇಕು ಸಾರ್' ಅಂದರು. ಪಂಪ್ ನಿಜಕ್ಕೂ ಹೋಗಿದೆಯಾ ಅಂತ ಮನೆಯಲ್ಲೇ ಸುಮಾರಾಗಿ ತಿಳಿಯಬಹುದು.

ಫಿಲ್ಟರ್ ಕೂರುವ ಗುಂಡಿಯಲ್ಲಿ ಒಂದಿಷ್ಟು ನೀರು ಯಾವಾಗಲೂ ಉಳಿದಿರುತ್ತದೆ. ಅದಕ್ಕೆ ಗಾಬರಿ ಬೇಡ. ಫಿಲ್ಟರ್ ಮುಳುಗಿ ತಳದಲ್ಲೆಲ್ಲ ನೀರು ನಿಂತರೆ ಮಾತ್ರ ತೊಂದರೆ ಇದೆ ಅಂತ ಅರ್ಥ.

ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಕೆಳಗಿನ ಟ್ರೇ ತೆಗೆದು, ಲೋಟದಲ್ಲಿ ನೀರು ಮೊಗೆದು, ಉಳಿದದ್ದನ್ನು ಬಟ್ಟೆಯಲ್ಲಿ ಒತ್ತಿ ಹಿಂಡಿದೆ. ಫಿಲ್ಟರ್ ತಿರುಗಿಸಿ ಎತ್ತಿದರೆ ಒಗ್ಗರಣೆಯ ಸಾಸಿವೆ, ಕರಿಬೇವಿನ ಕಡ್ಡಿ, ತೆಂಗಿನತುರಿ. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆದೆ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ನಮ್ಮದು ಹೋಗಲಿಲ್ಲ.

ಮತ್ತೆ ಪ್ಲಗ್ ಹಾಕಿ, ಒಂದೆರಡು ಲೀಟರ್ ನೀರು ಸುರಿದೆ. ಸ್ಟಾರ್ಟ್ ಬಟನ್ 3 ಸೆಕೆಂಡ್ ಒತ್ತಿ ಹಿಡಿದರೆ ನಮ್ಮ ಮಷಿನ್ ನಡೆಯುತ್ತಿರುವ ಪ್ರೋಗ್ರಾಂ ಬಿಟ್ಟು ನೀರು ಹೊರಹಾಕಲು ನೋಡುತ್ತದೆ. ಆಗ ಕಿವಿ ಕೊಟ್ಟು ಕೇಳಬೇಕು. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಹೋಗುತ್ತಿಲ್ಲ, ಇಲ್ಲವೇ ಪಂಪ್ ಕೆಟ್ಟಿದೆ. ಅದು ಕೆಲಸ ಬಲ್ಲವರೇ ಬಿಚ್ಚಬೇಕಾದ ಜಾಗ. ನನಗೆ ಗುಂಯ್ ಅಂತ ಸದ್ದು ಕೇಳಿಸಿತು. ಅಂದರೆ ಕರೆಂಟ್ ಬರುತ್ತಿದೆ, ಎಲ್ಲೋ ಏನೋ ಅಡ್ಡ ಸಿಕ್ಕಿದೆ.

ಎಲ್ಲಿ? ಮಷಿನ್ ಒಳಗೋ, ಪೈಪು ಸಿಂಕಿಗೆ ಸೇರುವಲ್ಲೋ? ಇದಕ್ಕೆ ಒಂದು ಬಕೆಟ್ ಸಾಕು. ಸಿಂಕಿನ ಕೆಳಗೆ ಪೈಪಿನ ಕ್ಲಿಪ್ ಸಡಿಲಿಸಿ, ತುದಿಯನ್ನು ಬಕೆಟ್‌ಗೆ ಬಿಟ್ಟು, ಮತ್ತೆ ಅದೇ ಬಟನ್ ಒತ್ತಿದೆ. ನೀರು ರಭಸವಾಗಿ ಬಂದಿದ್ದರೆ ಮಷಿನ್ ತಪ್ಪೇ ಇಲ್ಲ. ಜಿಡ್ಡು ಕಟ್ಟಿರುವುದು ಸಿಂಕಿನ ಜೋಡಣೆಯಲ್ಲಿ. ನಮ್ಮಲ್ಲಿ ತೊಟ್ಟು ತೊಟ್ಟಾಗಿ ಬಂತು. ಮಷಿನ್ ಸ್ವಲ್ಪ ಮುಂದಕ್ಕೆ ಎಳೆದು ನೋಡಿದೆ. ಪೈಪು ಎಲ್ಲೂ ಮಡಿಚಿಕೊಂಡಿರಲಿಲ್ಲ. ಉಳಿದದ್ದು ಪಂಪ್.

ಪ್ಲಗ್ ಮತ್ತೆ ಕಿತ್ತು, ನೀರು ಮೊಗೆದೆ. ಒಡೆದ ಗಾಜಿನ ಚೂರು ಇರಬಹುದು ಅಂತ ದಪ್ಪ ಗ್ಲೌಸ್ ಹಾಕಿಕೊಂಡೆ. ಫಿಲ್ಟರ್ ತೆಗೆದ ಗುಂಡಿಯ ಪಕ್ಕದಲ್ಲಿ ಪಂಪಿನ ಚಿಕ್ಕ ಮುಚ್ಚಳ ಇದೆ. ಚಮಚದ ಹಿಡಿಯಿಂದ ಮೀಟಿದರೆ ಎದ್ದು ಬಂತು. ಒಳಗಿನ ಪುಟ್ಟ ಚಕ್ರಕ್ಕೆ ಉಪ್ಪಿನಕಾಯಿ ಬಾಟಲಿಯ ಲೇಬಲ್ ಸುತ್ತಿಕೊಂಡಿತ್ತು! ಖಾಲಿ ಬಾಟಲಿ ಬಿಸಾಡುವ ಮನೆ ನಮ್ಮದಲ್ಲ. ತೊಳೆಯಲು ಇಟ್ಟಾಗ ಬಿಸಿನೀರಿಗೆ ಅಂಟು ಬಿಟ್ಟಿದೆ. ಚಿಮಟದಲ್ಲಿ ಎಳೆದು ತೆಗೆದೆ.

ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸರಾಗವಾಗಿ ಸುತ್ತುವುದಿಲ್ಲ, ತಡೆದು ತಡೆದು ಜಗ್ಗುತ್ತದೆ. ಇಂಥ ಪಂಪಿನ ಮೋಟಾರಿನಲ್ಲಿ ಅಯಸ್ಕಾಂತ ಇರುವುದರಿಂದ ಅದು ಸಹಜ. ಇದನ್ನೇ ಕಂಡು ಜಾಮ್ ಆಗಿದೆ ಅಂದುಕೊಂಡು ಹೊಸ ಪಂಪ್ ಕೊಳ್ಳಬೇಡಿ. ಇನ್ನೊಂದು, ಮುಚ್ಚಳ ಕ್ಲಿಕ್ ಅಂತ ಕೂರಲೇಬೇಕು. ಸಡಿಲ ಇದ್ದರೆ ಪಂಪ್ ಓಡಿದರೂ ನೀರು ಸರಿಯಾಗಿ ಎಳೆಯುವುದಿಲ್ಲ. ಎಲ್ಲ ಸೇರಿಸಿ, ಪ್ಲಗ್ ಹಾಕಿ, ಮತ್ತೆ ಒಂದಿಷ್ಟು ನೀರು ಸುರಿದು ಬಟನ್ ಒತ್ತಿದೆ. ಬಕೆಟ್‌ಗೆ ನೀರು ಧಾರಾಳವಾಗಿ ಬಿತ್ತು.

ಸಿಂಕಿನ ಕೆಳಗೆ ಬಗ್ಗಿದ್ದಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಪೈಪು ನೆಲದ ಮೇಲೆ ಬಿದ್ದುಕೊಂಡು, ಅಲ್ಲಿಂದ ನೇರ ಸಿಂಕಿಗೆ ಸೇರಿತ್ತು. ಹೀಗಿದ್ದರೆ ಸಿಂಕ್ ಕಟ್ಟಿಕೊಂಡಾಗ ಅಲ್ಲಿನ ಕೊಳೆ ನೀರು ಮಷಿನ್‌ಗೆ ವಾಪಸ್ ಇಳಿಯಬಹುದು. ಪೈಪಿನ ನಡುಭಾಗವನ್ನು ಕಟ್ಟೆಯ ಅಡಿಗೆ ಎತ್ತರಕ್ಕೆ ಕಟ್ಟಿದೆ. ನಿಮ್ಮಲ್ಲಿ ರಾತ್ರಿ ಒಣಗಿದ್ದ ತಳದಲ್ಲಿ ಬೆಳಿಗ್ಗೆ ನೀರು ಕಂಡರೆ ಮೊದಲು ಇದನ್ನೇ ನೋಡಿ. ಸಿಂಕಿನ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಡಿ, ಆಮೇಲೆ ಡಿಶ್‌ವಾಷರ್ ಬಾಗಿಲು ತೆಗೆಯಿರಿ. ತಳದಲ್ಲಿ ಹೊಸ ನೀರು ಬಂದಿದ್ದರೆ ಅದು ಸಿಂಕಿನದು, ಪಂಪನ್ನು ಮುಟ್ಟಬೇಕಾಗಿಲ್ಲ.