ಗೇಟಿನ ಪಕ್ಕದ ಕೈತೋಟ

ನಮ್ಮ ಮಕ್ಕಳ ಕೇಂದ್ರದಲ್ಲಿ ಎಲ್ಲ ಮನೆಯವರೂ ಸೇರಿ ಬೆಳೆಸುವ ಕೈತೋಟ ಬೇಕು ಅಂದಾಗ ಎಲ್ಲರೂ ತೋರಿಸಿದ್ದು ಹಿತ್ತಲನ್ನು. ಜಾಗ ದೊಡ್ಡದು, ಆದರೆ ಅತ್ತ ಯಾರೂ ಕಾಲಿಡುವುದಿಲ್ಲ. ನಾನು ಗೇಟಿನಿಂದ ಬಾಗಿಲಿಗೆ ಬರುವ ದಾರಿಯ ಪಕ್ಕದ ಸಣ್ಣ ಜಾಗವನ್ನೇ ಹಿಡಿದೆ. ಅಪ್ಪ ಅಮ್ಮ, ಅಜ್ಜ ಅಜ್ಜಿ ದಿನಕ್ಕೆ ಎರಡು ಸಲ ಅಲ್ಲೇ ಓಡಾಡುತ್ತಾರೆ ಅಲ್ವಾ? ತೋಟದ ಕೆಲಸಕ್ಕೆಂದೇ ರಜಾ ದಿನ ಬನ್ನಿ ಅಂದರೆ ಬರುವವರು ಕಡಿಮೆ. ಮಗುವನ್ನು ಕರೆದೊಯ್ಯಲು ಬಂದಾಗ ಹತ್ತು ನಿಮಿಷ ನಿಲ್ಲಿ ಅಂದರೆ ಖುಷಿಯಿಂದ ನಿಲ್ಲುತ್ತಾರೆ. ನಮ್ಮ ತೋಟ ನಡೆಯುತ್ತಿರುವುದೇ ಆ ಹತ್ತು ನಿಮಿಷದಿಂದ.

ತರಕಾರಿಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಅದು ಅಲ್ಲಿ ಸಿಗುತ್ತಿತ್ತು. ನನಗೆ ಜಾಸ್ತಿ ಚಿಂತೆ ಇದ್ದದ್ದು ಮಣ್ಣಿನದು. ಹಳೆ ಕಟ್ಟಡದ ಗೋಡೆಯಿಂದ ಉದುರಿದ ಬಣ್ಣದಲ್ಲಿ ಸೀಸ ಇರಬಹುದು, ಅದು ಮಣ್ಣಿನಲ್ಲೇ ಉಳಿಯುತ್ತದೆ. ಪುಟ್ಟ ಮಕ್ಕಳು ಬೆರಳು ಬಾಯಿಗಿಡದೆ ಇರುವುದಿಲ್ಲ. ಅದಕ್ಕೇ ಅಗೆಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಆಮೇಲೂ ನೆಲದಿಂದ ಎತ್ತರಿಸಿದ ಮಡಿ ಕಟ್ಟಿ, ಹೊರಗಿನ ಒಳ್ಳೆ ಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ ತುಂಬಿಸಿದೆವು. ಮಡಿಯ ಅಂಚಿಗೆ ಹಳೆ ರೈಲ್ವೆ ಸ್ಲೀಪರ್, ಅಂದರೆ ಹಳಿಯ ಕೆಳಗೆ ಹಾಸುವ ಮರದ ದಿಮ್ಮಿ, ಕೊಡುತ್ತೇವೆ ಅಂತ ಒಬ್ಬರು ಬಂದರು. ಅದಕ್ಕೆ ಮರ ಕೆಡದಂತೆ ಕ್ರಿಯೋಸೋಟ್ ಅನ್ನುವ ವಿಷಕಾರಿ ಎಣ್ಣೆ ಬಳಿದಿರುತ್ತಾರೆ, ಬೇಡ ಅಂದೆ. ಮಡಿಯ ಅಗಲ 2 ಅಡಿ, ಎರಡೂ ಕಡೆಯಿಂದ ಮಗುವಿನ ಕೈ ನಡುವಿಗೆ ಎಟುಕಬೇಕು. ಗಾಲಿಕುರ್ಚಿ ಹೋಗುವಷ್ಟು ದಾರಿ ಬಿಟ್ಟೆವು. ಒಂದು ಮಡಿಯನ್ನು ಸೊಂಟದೆತ್ತರಕ್ಕೆ ಏರಿಸಿದೆವು. ಮಂಡಿನೋವಿನ ಅಜ್ಜಿಯರು ಈಗ ಅಲ್ಲೇ ಇರುತ್ತಾರೆ.

ಮೊದಲ ಬೆಳೆ ಮೂಲಂಗಿ. ವಾರದೊಳಗೆ ಮೊಳಕೆ, ಬೇಗ ಬರುವ ತಳಿಯಾದರೆ ಸುಮಾರು ಒಂದು ತಿಂಗಳಿಗೆ ಕೀಳಬಹುದು. ಮಕ್ಕಳ ತಾಳ್ಮೆಗೆ ಅಷ್ಟು ಸಾಕು. ಜೊತೆಗೆ ಹುರುಳಿಕಾಯಿ, ಅದರ ಬೀಜ ಪುಟ್ಟ ಬೆರಳಿಗೂ ಸಿಗುತ್ತದೆ. ಹರಳು ಗಿಡ, ಕಣಗಿಲೆ ವಿಷ, ಹತ್ತಿರಕ್ಕೂ ತರಲಿಲ್ಲ. ಮೆಣಸಿನಕಾಯಿಯೂ ಬೇಡ, ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ.

ಮನೆಗೊಂದು ಮಡಿ ಹಂಚೋಣ ಅನ್ನುವ ಮಾತೂ ಬಂತು. ನಾನು ಒಪ್ಪಲಿಲ್ಲ. ಒಂದು ಮನೆಯವರು ಊರಿಗೆ ಹೋದರೆ ಅವರ ಮಡಿ ಮಾತ್ರ ಒಣಗುತ್ತದೆ, ಅದನ್ನು ನೋಡುವುದು ಆ ಮಗು. ಎಲ್ಲ ಮಡಿಯೂ ಎಲ್ಲರದು ಅಂತ ಮಾಡಿದೆವು. ಗೇಟಿನ ಬಳಿ ಒಂದು ಹಲಗೆ ಇಟ್ಟೆವು. ಇವತ್ತು ನೀರಾಗಿದೆಯಾ, ಏನು ಕೀಳಬೇಕು, ಎಲ್ಲ ಚಿತ್ರದಲ್ಲೇ. ಓದಲು ಬಾರದವರಿಗೂ, ಬೇರೆ ಭಾಷೆಯವರಿಗೂ ಗೊತ್ತಾಗುತ್ತದೆ. ಯಾರ ಜೊತೆಗೂ ಮಾತಾಡದ ಅಪ್ಪಂದಿರು ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟುತ್ತಾ ಪರಿಚಯವಾದರು. ನನಗೆ ಫಸಲಿಗಿಂತ ಅದೇ ದೊಡ್ಡದು.

ನೀರಿನ ವಿಷಯದಲ್ಲಿ ಮಾತ್ರ ನಾನು ಬಿಗಿ. ಮಕ್ಕಳಿಗೆ ಒಂದು ಲೀಟರಿನ ಪುಟ್ಟ ಕ್ಯಾನ್. ತುಂಬಿದ ಬಕೆಟ್ ಬಿಟ್ಟು ಯಾರೂ ಹೋಗುವ ಹಾಗಿಲ್ಲ. ಸ್ವಲ್ಪವೇ ನೀರಿದ್ದರೂ ಎಳೆಮಗು ತಲೆಕೆಳಗಾಗಿ ಬಿದ್ದರೆ ಮುಳುಗಬಹುದು, ಸೊಳ್ಳೆಯೂ ಆಗುತ್ತದೆ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ಉದ್ದ ರಜೆ ಬಂದಾಗ ಮಡಿಗೆ ಒಣ ಎಲೆ ದಪ್ಪಗೆ ಹೊದಿಸುತ್ತೇವೆ. ಹತ್ತಿರದ ಮನೆಯವರು ಸರದಿ ಮೇಲೆ ನೀರು ಹಾಕುತ್ತಾರೆ. ಆ ವಾರ ಬಿಟ್ಟ ಕಾಯಿಯೆಲ್ಲ ಅವರಿಗೇ.